ಮಾನಸಿಕ ಕಾಯಿಲೆ ಇರುವ ಮನೆಯವರು ಜೈಲಿಗೆ ಹೋದರೆ: ಬಂಧನದ ರಾತ್ರಿಯಿಂದ ಜಾಮೀನಿನವರೆಗೆ ಏನೇನು ಮಾಡಬೇಕು

ಮನೆಯಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ಅಥವಾ ತೀವ್ರ ಖಿನ್ನತೆಗೆ ಮಾತ್ರೆ ತಗೊಳ್ಳುವವರು ಇದ್ದಾರೆ. ಅವರ ಮೇಲೆ ಕೇಸಾಗಿದೆ, ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಇಂಥ ಹೊತ್ತಿನಲ್ಲಿ ನೆಂಟರೆಲ್ಲ ಹೇಳುವುದು ಒಂದೇ ಮಾತು: ಒಳ್ಳೆ ವಕೀಲರನ್ನು ಹಿಡಿಯಿರಿ. ಹಿಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಜಾಮೀನಿಗೆ ವಾರ ಹಿಡಿಯಬಹುದು, ತಿಂಗಳೂ ಹಿಡಿಯಬಹುದು. ಮಾತ್ರೆ ತಪ್ಪುವುದು ಮಾತ್ರ ಇವತ್ತು ರಾತ್ರಿಯೇ. ಹಾಗಾಗಿ ಕಾಯಿಲೆಯ ಕಾಗದಗಳು ಆ ಮನುಷ್ಯನ ಹಿಂದೆಯೇ ಸ್ಟೇಷನ್ನಿಗೆ, ಕೋರ್ಟಿಗೆ, ಜೈಲಿನ ಆಸ್ಪತ್ರೆಗೆ ಹೋಗುವ ಹಾಗೆ ನೋಡಿಕೊಳ್ಳುವುದು ವಕೀಲರನ್ನು ಹುಡುಕುವಷ್ಟೇ ತುರ್ತಿನ ಕೆಲಸ. ಅದನ್ನು ಮಾಡುವವರು ನೀವೇ, ಬೇರೆ ಯಾರೂ ಮಾಡುವುದಿಲ್ಲ.

ಮುಚ್ಚಿಡಬೇಕಾ, ಹೇಳಬೇಕಾ?

ಹೇಳಬೇಕು. ಇದರಲ್ಲಿ ಎರಡು ಮಾತಿಲ್ಲ.

ಮನೆಯವರು ಮುಚ್ಚಿಡುವುದಕ್ಕೆ ಕಾರಣಗಳಿರುತ್ತವೆ. ತಂಗಿಯ ಮದುವೆ ಆಗಬೇಕು, ಊರಲ್ಲಿ ‘ತಲೆ ಕೆಟ್ಟವನು’ ಅಂತ ಹೆಸರು ಬರುತ್ತದೆ, ಜೈಲಲ್ಲಿ ಗೊತ್ತಾದರೆ ಉಳಿದವರು ಹಿಂಸೆ ಕೊಡುತ್ತಾರೆ ಅನ್ನುವ ಭಯ. ಕೆಲವು ವಕೀಲರೂ ‘ಅದನ್ನು ಆಮೇಲೆ ವಿಚಾರಣೆಯಲ್ಲಿ ಎತ್ತೋಣ, ಈಗ ಸುಮ್ನೆ ಇರಿ’ ಅನ್ನುತ್ತಾರೆ. ಈ ಸಲಹೆ ಎರಡು ಕಡೆಯಿಂದಲೂ ಹೊಡೆತ ಕೊಡುತ್ತದೆ. ಒಳಗೆ ಚಿಕಿತ್ಸೆ ನಿಂತುಹೋಗುತ್ತದೆ. ಮುಂದೆ ವಿಚಾರಣೆಯಲ್ಲಿ ಕಾಯಿಲೆಯ ಮಾತು ಎತ್ತಿದಾಗ ಎದುರಿನವರು ‘ಇಷ್ಟು ದಿನ ಯಾಕೆ ಹೇಳಲಿಲ್ಲ, ಇದೆಲ್ಲ ನಾಟಕ’ ಅಂತಾರೆ.

ಜೈಲಿನ ವೈದ್ಯರು ತಾವಾಗಿಯೇ ಕಂಡುಹಿಡಿಯುತ್ತಾರೆ ಅಂತ ನಂಬಿ ಕೂರಬೇಡಿ. ನಿಮ್ಹಾನ್ಸ್‌ನವರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,000ಕ್ಕೂ ಹೆಚ್ಚು ಬಂದಿಗಳನ್ನು ಮಾತಾಡಿಸಿ 2011ರಲ್ಲಿ ವರದಿ ಹೊರತಂದರು. ನೂರಕ್ಕೆ ಸುಮಾರು 80 ಜನರಿಗೆ ಯಾವುದಾದರೂ ಮಾನಸಿಕ ಕಾಯಿಲೆಯೋ ವ್ಯಸನವೋ ಇತ್ತು. ಇದರಲ್ಲಿ ಬೀಡಿ, ಸಿಗರೇಟು, ಕುಡಿತದ ಪಾಲೇ ಜಾಸ್ತಿ. ಅದನ್ನು ತೆಗೆದು ಲೆಕ್ಕ ಹಾಕಿದರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕಾಯಿಲೆ ಇತ್ತು. ಅಷ್ಟು ಜನರ ನಡುವೆ ಕೂಗಾಡುವವರು, ಗೋಡೆಗೆ ತಲೆ ಚಚ್ಚಿಕೊಳ್ಳುವವರು ಮೊದಲು ಕಣ್ಣಿಗೆ ಬೀಳುತ್ತಾರೆ. ಮೂಲೆಯಲ್ಲಿ ಮಾತಾಡದೆ ಕೂತವನನ್ನು ‘ತೊಂದರೆ ಕೊಡದ ಬಂದಿ’ ಅಂದುಕೊಳ್ಳುತ್ತಾರೆ. ಕಾಯಿಲೆ ಜೋರಾಗಿರುವುದು ಅವನಿಗೇ ಇರಬಹುದು.

ಹಂತ 1: ಕಾಗದ ಜೋಡಿಸಿ, ಒಂದು ಪುಟದ ಚೀಟಿ ಬರೆಯಿರಿ

ಮನೆಯಲ್ಲಿರುವ ಓಪಿಡಿ ಪುಸ್ತಕ, ಡಿಸ್ಚಾರ್ಜ್ ಸಮ್ಮರಿ, ಕೊನೆಯ ಮೂರು–ನಾಲ್ಕು ಔಷಧಿ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು, ಅಂಗವಿಕಲರ ಕಾರ್ಡ್ ಇದ್ದರೆ ಅದು, ಎಲ್ಲವನ್ನೂ ಒಂದು ಕಡೆ ಹಾಕಿ. ಐದು ಸೆಟ್ ಜೆರಾಕ್ಸ್ ಮಾಡಿಸಿ. ಅಸಲು ಪ್ರತಿ ಯಾರ ಕೈಗೂ ಕೊಡಬೇಡಿ, ಸ್ಟೇಷನ್ನಿನಲ್ಲಿ ಕೊಟ್ಟದ್ದು ವಾಪಸ್ ಬರುವುದು ಅದೃಷ್ಟ. ಕಾಗದ ಕಳೆದುಹೋಗಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಹೋಗಿ ಕೇಳಿ. ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ರೋಗಿಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಹೋಗುತ್ತಿದ್ದವರಾದರೆ ಅಲ್ಲಿಯ ರಿಜಿಸ್ಟರಿನಲ್ಲಿ ಹೆಸರು ಹುಡುಕಿಸಿ.

ಜೆರಾಕ್ಸ್ ಕಟ್ಟಿನ ಮೇಲೆ ಒಂದೇ ಪುಟದ ಚೀಟಿ ಇರಲಿ. ಇಪ್ಪತ್ತು ಪುಟ ತಿರುವಿ ನೋಡುವ ಪುರುಸೊತ್ತು ಜೈಲಿನ ವೈದ್ಯರಿಗೆ ಇರುವುದಿಲ್ಲ. ಕಾಯಿಲೆಯ ಹೆಸರು, ಎಷ್ಟು ವರ್ಷದಿಂದ, ಯಾವ ಆಸ್ಪತ್ರೆ, ಈಗಿನ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಕೊನೆಯ ಸಲ ಮಾತ್ರೆ ತಗೊಂಡದ್ದು ಯಾವಾಗ, ಹಿಂದೆ ಆತ್ಮಹತ್ಯೆಗೆ ಪ್ರಯತ್ನ ಮಾಡಿದ್ದರೆ ಅದು, ಯಾವ ಔಷಧಿ ಆಗಿಬರುವುದಿಲ್ಲ. ಇಷ್ಟು ಸಾಕು. ಇವುಗಳ ಜೊತೆಗೆ ಜನ ಬಿಟ್ಟುಬಿಡುವ ಕೆಲವು ವಿಷಯಗಳಿವೆ, ಇವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದೇ ಮೊದಲ ಸಾಲು. ಈ ಮಾತ್ರೆ 2 ದಿನಕ್ಕಿಂತ ಜಾಸ್ತಿ ತಪ್ಪಿದರೆ ಹಳೇ ಡೋಸನ್ನೇ ಒಮ್ಮೆಗೆ ಕೊಡುವಂತಿಲ್ಲ. 12.5 ಮಿಲಿಗ್ರಾಂನಿಂದ ಶುರುಮಾಡಿ ನಿಧಾನಕ್ಕೆ ಏರಿಸಬೇಕು, ಇಲ್ಲದಿದ್ದರೆ ಬಿಪಿ ಇಳಿದು ಬಿದ್ದುಬಿಡಬಹುದು, ಫಿಟ್ಸ್ ಬರಬಹುದು. ರಕ್ತ ಪರೀಕ್ಷೆಯೂ ಆಗಾಗ ಆಗಬೇಕು. ಬೀಡಿ, ಸಿಗರೇಟು ಸೇದುತ್ತಿದ್ದವರಾದರೆ ಅದನ್ನೂ ಬರೆಯಿರಿ, ಯಾಕೆಂದರೆ ಒಳಗೆ ಹೋಗಿ ಸೇದುವುದು ಒಮ್ಮೆಲೇ ನಿಂತರೆ ಕ್ಲೋಜಪಿನ್, ಒಲಾಂಜಪಿನ್ ಎರಡರ ಮಟ್ಟವೂ ರಕ್ತದಲ್ಲಿ ಏರುತ್ತದೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಆದರೆ ನೀರು ಕಡಿಮೆ ಕುಡಿದಾಗ, ವಾಂತಿ–ಭೇದಿ ಆದಾಗ ಅದು ಮೈಗೆ ವಿಷವಾಗಬಹುದು. ಮೈಕೈ ನೋವಿಗೆ ಕೊಡುವ ಡೈಕ್ಲೋಫೆನಾಕ್ ಥರದ ಮಾತ್ರೆ ಸೇರಿದರೆ ಇನ್ನೂ ಅಪಾಯ. ಹದಿನೈದು ದಿನಕ್ಕೋ ತಿಂಗಳಿಗೋ ಇಂಜೆಕ್ಷನ್ ಹಾಕಿಸಿಕೊಳ್ಳುವವರಾದರೆ ಕೊನೆಯದು ಯಾವ ತಾರೀಕು, ಮುಂದಿನದು ಯಾವ ತಾರೀಕು ಅಂತ ಬರೆಯಿರಿ. ನಿದ್ದೆ ಮಾತ್ರೆ ವರ್ಷಗಟ್ಟಲೆ ತಗೊಂಡವರಿಗೆ ಅದು ಒಮ್ಮೆಲೇ ನಿಂತರೂ ಫಿಟ್ಸ್ ಬರಬಹುದು.

ಕುಡಿತ ಇದ್ದರೆ ನಾಚಿಕೆ ಬಿಟ್ಟು ಹೇಳಿ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟಾಗ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೈ ನಡುಗಿ, ಇಲ್ಲದ್ದನ್ನು ಕಂಡು, ದಿಕ್ಕು ತಪ್ಪಿದವರ ಹಾಗೆ ಆಡುವುದುಂಟು. ಅದು ಹುಚ್ಚೂ ಅಲ್ಲ, ನಾಟಕವೂ ಅಲ್ಲ, ಜೀವ ಹೋಗಬಹುದಾದ ಸ್ಥಿತಿ.

ಹಂತ 2: ಸ್ಟೇಷನ್

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು, ಇದೆಲ್ಲ ನಿಮಗೆ ಗೊತ್ತಿರುತ್ತದೆ. 2024ರ ಜುಲೈ 1ರಿಂದ ಇದೆಲ್ಲ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅಡಿಯಲ್ಲಿ ನಡೆಯುತ್ತದೆ. ಅದರ ಸೆಕ್ಷನ್ 53ರ ಪ್ರಕಾರ ಬಂಧಿಸಿದ ಕೂಡಲೇ ವೈದ್ಯಾಧಿಕಾರಿಯಿಂದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಆ ಹೊತ್ತಿಗೆ ನೀವೂ ಅಲ್ಲಿರಿ. ಅಲ್ಲಿಯ ಡಾಕ್ಟರು ಸಾಮಾನ್ಯವಾಗಿ ಗಾಯ ಇದೆಯಾ ನೋಡಿ, ಬಿಪಿ ನೋಡಿ, ಸಹಿ ಹಾಕಿ ಕಳಿಸುತ್ತಾರೆ. ನೀವು ಚೀಟಿ ಕೈಗಿಟ್ಟು ‘ಸರ್, ಇವನಿಗೆ ಹತ್ತು ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ, ರಿಪೋರ್ಟಿನಲ್ಲಿ ಒಂದು ಸಾಲು ಬರೆಯಿರಿ’ ಅಂತ ಕೇಳಿ. ಆ ಒಂದು ಸಾಲು ಮುಂದೆ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಅದು ಬಂಧನದ ದಿನವೇ, ಸರ್ಕಾರಿ ವೈದ್ಯರು ಬರೆದ ಸಾಲು.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಕಡ್ಡಾಯವೇನಲ್ಲ, ಸೆಕ್ಷನ್ 35ರ ನೋಟಿಸ್ ಕೊಟ್ಟು ಬಿಡಬಹುದು. ಕಾಯಿಲೆಯ ಕಾಗದ ತೋರಿಸಿ ಇದನ್ನು ಕೇಳಿ ನೋಡಿ, ಒಮ್ಮೊಮ್ಮೆ ಇಲ್ಲೇ ಮುಗಿಯುತ್ತದೆ. ಇನ್ನು ಅಪರಾಧವೇ ಇಲ್ಲದೆ, ಕಾಯಿಲೆಯಿಂದ ಬೀದಿಯಲ್ಲಿ ಅಲೆಯುತ್ತಿದ್ದಾರೆ ಅಂತ ಕರೆತಂದಿದ್ದರೆ ಲಾಕಪ್ಪಿನಲ್ಲೂ ಜೈಲಿನಲ್ಲೂ ಇಡುವಂತೆಯೇ ಇಲ್ಲ. 2017ರ ಕಾಯ್ದೆಯ ಸೆಕ್ಷನ್ 100 ಓದಿ ಹೇಳಿ. ಸುಪ್ರೀಂ ಕೋರ್ಟ್ 1993ರಲ್ಲೇ, ಶೀಲಾ ಬರ್ಸೆ ಪ್ರಕರಣದಲ್ಲಿ, ಅಪರಾಧ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಅಸಾಂವಿಧಾನಿಕ ಅಂದಿತ್ತು.

ದೂರು ಕೊಟ್ಟವರು ನೀವೇ ಆಗಿದ್ದರೆ? ಇದು ಬಹಳ ಮನೆಗಳ ಕಥೆ. ಮಾತ್ರೆ ಬಿಟ್ಟ ಮಗ ಅಮ್ಮನ ಮೇಲೆ ಕೈ ಮಾಡಿದ, ಅಕ್ಕಪಕ್ಕದವರು 112ಕ್ಕೆ ಫೋನ್ ಮಾಡಿದರು, ಎಫ್‌ಐಆರ್ ಆಯಿತು, ಬೆಳಿಗ್ಗೆ ಅಮ್ಮನೇ ಸ್ಟೇಷನ್ ಮುಂದೆ ಟಿಫಿನ್ ಡಬ್ಬಿ ಹಿಡಿದು ನಿಂತಿರುತ್ತಾರೆ. ದೂರುದಾರರಾದ ಮಾತ್ರಕ್ಕೆ ಕಾಯಿಲೆಯ ಬಗ್ಗೆ ಮಾತಾಡಬಾರದು ಅಂತೇನಿಲ್ಲ. ಆದರೆ ಮುಂದೆ ಜಾಮೀನಿಗೆ ಜವಾಬ್ದಾರಿ ಹೊರುವವರು ಬೇರೆಯವರಾದರೆ ಒಳ್ಳೆಯದು: ಅಣ್ಣ, ಚಿಕ್ಕಪ್ಪ, ಭಾವ, ಯಾರಾದರೂ. ಈಗಲೇ ಅವರನ್ನು ಕರೆಸಿಕೊಳ್ಳಿ.

ಹಂತ 3: ಮ್ಯಾಜಿಸ್ಟ್ರೇಟ್ ಮುಂದೆ

ರಿಮಾಂಡ್ ಅಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ವಾದ ಪ್ರತಿವಾದ ಇರುವುದಿಲ್ಲ. ಕೆಲವೇ ನಿಮಿಷದ ಕೆಲಸ. ‘ಪೊಲೀಸರು ಏನಾದರೂ ತೊಂದರೆ ಕೊಟ್ಟರಾ?’ ಅಂತ ಕೇಳುತ್ತಾರೆ, ಇವನು ಎತ್ತಲೋ ನೋಡುತ್ತಾ ತಲೆ ಅಲ್ಲಾಡಿಸುತ್ತಾನೆ, ನ್ಯಾಯಾಂಗ ಬಂಧನಕ್ಕೆ ಆದೇಶ ಆಗುತ್ತದೆ. ಇದೇ ಸಮಯದಲ್ಲಿ ವಕೀಲರು ಒಂದು ಮೆಮೊ ಕೊಡಬೇಕು. ಅದರಲ್ಲಿ ಕೇಳಬೇಕಾದದ್ದು ಮೂರೇ: ಲಗತ್ತಿಸಿದ ವೈದ್ಯಕೀಯ ದಾಖಲೆಗಳನ್ನು ವಾರಂಟಿನ ಜೊತೆಗೇ ಜೈಲಿಗೆ ಕಳಿಸಬೇಕು, ಈಗಿನ ಚಿಕಿತ್ಸೆ ತಪ್ಪದಂತೆ ಮುಂದುವರಿಸಲು ಜೈಲು ಅಧೀಕ್ಷಕರಿಗೆ ನಿರ್ದೇಶನ ಕೊಡಬೇಕು, ಮನೋವೈದ್ಯರಿಂದ ಪರೀಕ್ಷೆ ಮಾಡಿಸಿ ಮುಂದಿನ ತಾರೀಕಿಗೆ ವರದಿ ತರಿಸಬೇಕು.

ವಕೀಲರಿಲ್ಲದಿದ್ದರೆ ಕೋರ್ಟಿನ ಆವರಣದಲ್ಲೇ ಇರುವ ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವೆಗಳ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಮಾನಸಿಕ ಕಾಯಿಲೆ ಇರುವವರಿಗೆ ಈ ಹಕ್ಕು ಇದೆ ಅಂತ ತಿಳಿಸುವುದು ಪೊಲೀಸರ, ಮ್ಯಾಜಿಸ್ಟ್ರೇಟರ, ಜೈಲಿನ ಮುಖ್ಯಸ್ಥರ ಕರ್ತವ್ಯ ಅಂತ 2017ರ ಕಾಯ್ದೆಯ ಸೆಕ್ಷನ್ 27 ಹೇಳುತ್ತದೆ.

ಹಂತ 4: ಜೈಲಿನ ಗೇಟು, ಮೊದಲ ತಪಾಸಣೆ

ಹೊಸದಾಗಿ ಬಂದ ಬಂದಿಯನ್ನು ಆದಷ್ಟು ಬೇಗ ವೈದ್ಯಾಧಿಕಾರಿ ಪರೀಕ್ಷೆ ಮಾಡಬೇಕು ಅನ್ನುವುದು 1894ರ ಕಾರಾಗೃಹ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ಪ್ರಶ್ನೆ ಇರುವುದು ಆ ಪರೀಕ್ಷೆ ಹೇಗೆ ನಡೆಯುತ್ತದೆ ಅನ್ನುವುದರಲ್ಲಿ. ಸಂಜೆ ಕೋರ್ಟಿನಿಂದ ವ್ಯಾನ್ ಬಂದು ಸಾಲಾಗಿ ನಿಲ್ಲಿಸಿದಾಗ, ‘ಏನಾದ್ರೂ ಕಾಯಿಲೆ ಇದೆಯಾ?’ ಅಂದರೆ ಹಿಂದೆ ಮುಂದೆ ನಿಂತವರ ಎದುರಿಗೆ ಯಾರು ತಾನೇ ‘ನನಗೆ ಕಿವಿಯಲ್ಲಿ ಮಾತು ಕೇಳುತ್ತದೆ’ ಅಂತಾರೆ? ಮೇಲಾಗಿ ಸೈಕೋಸಿಸ್‌ನಲ್ಲಿರುವ, ಅಂದರೆ ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದ ಸ್ಥಿತಿಯಲ್ಲಿರುವ, ಎಷ್ಟೋ ಜನಕ್ಕೆ ತಮಗೆ ಕಾಯಿಲೆ ಇದೆ ಅಂತಲೇ ಅನಿಸುವುದಿಲ್ಲ. ಅದಕ್ಕೇ ನಿಮ್ಮ ಕಾಗದ ಅಲ್ಲಿಗೆ ಮುಂಚೆಯೇ ತಲುಪಿರಬೇಕು.

ಮರುದಿನ ಬೆಳಿಗ್ಗೆಯೇ ಜೈಲಿಗೆ ಹೋಗಿ ಯುಟಿಪಿ ನಂಬರ್ (ವಿಚಾರಣಾಧೀನ ಬಂದಿಗೆ ಜೈಲಿನವರು ಕೊಡುವ ಸಂಖ್ಯೆ) ತಿಳಿದುಕೊಳ್ಳಿ. ಜೈಲಿನ ವೈದ್ಯಾಧಿಕಾರಿಗೆ, ಅಧೀಕ್ಷಕರಿಗೆ ಕೊಡುವ ಪತ್ರವನ್ನು ಹೀಗೆ ಬರೆಯಬಹುದು:

‘ಇವರಿಗೆ, ಮುಖ್ಯ ವೈದ್ಯಾಧಿಕಾರಿಗಳು ಹಾಗೂ ಅಧೀಕ್ಷಕರು, ಕೇಂದ್ರ ಕಾರಾಗೃಹ. ಮಾನ್ಯರೇ, ನನ್ನ ತಮ್ಮ, ಯುಟಿಪಿ ನಂಬರ್ ಇಂಥದ್ದು, ನಿನ್ನೆ ನ್ಯಾಯಾಂಗ ಬಂಧನದಲ್ಲಿ ತಮ್ಮ ಕಾರಾಗೃಹಕ್ಕೆ ಬಂದಿರುತ್ತಾನೆ. ಅವನಿಗೆ ಇಷ್ಟು ವರ್ಷದಿಂದ ಇಂಥ ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ನಡೆಯುತ್ತಿದೆ. ಕೊನೆಯ ಮಾತ್ರೆ ತೆಗೆದುಕೊಂಡದ್ದು ಸೋಮವಾರ ರಾತ್ರಿ. ಹಿಂದೆ ಒಮ್ಮೆ ಆತ್ಮಹತ್ಯೆಗೆ ಪ್ರಯತ್ನಿಸಿದ್ದಾನೆ, ಆದ್ದರಿಂದ ಒಂಟಿಯಾಗಿ ಇಡಬಾರದೆಂದು ಕೋರುತ್ತೇನೆ. ದಾಖಲೆಗಳನ್ನು ಲಗತ್ತಿಸಿದ್ದೇನೆ. ದಯವಿಟ್ಟು ಮನೋವೈದ್ಯರಿಗೆ ತೋರಿಸಿ ಚಿಕಿತ್ಸೆ ಮುಂದುವರಿಸಬೇಕಾಗಿ ವಿನಂತಿ. ನನ್ನ ಫೋನ್ ನಂಬರ್ ಇದು.’

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಜಗಳ ಆಡಬೇಡಿ, ನೇರ ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮಾತ್ರೆಯನ್ನು ಬಂದಿಯ ಕೈಗೆ ಕೊಡಲು ಬಿಡುವುದಿಲ್ಲ, ಬಟ್ಟೆಯೊಳಗೆ ಬಚ್ಚಿಟ್ಟು ಕಳಿಸುವ ಸಾಹಸ ಬೇಡವೇ ಬೇಡ. ಸಿಕ್ಕಿಬಿದ್ದರೆ ಇನ್ನೊಂದು ಕೇಸಾಗುತ್ತದೆ. ಜೈಲಿನ ದಾಸ್ತಾನಿನಲ್ಲಿ ಆ ಔಷಧಿ ಇಲ್ಲ ಅಂದರೆ ಚೀಟಿಯ ಸಮೇತ, ಸೀಲು ಒಡೆಯದ ಸ್ಟ್ರಿಪ್ಪುಗಳನ್ನು ವೈದ್ಯಾಧಿಕಾರಿಯ ಮೂಲಕವೇ ಕೊಡಲು ಅನುಮತಿ ಕೇಳಿ.

ಹಂತ 5: ಮೊದಲ ಭೇಟಿಗಳಲ್ಲಿ ಏನು ನೋಡಬೇಕು

ಜೈಲಿಗೆ ಹೋದ ಮೊದಲ ದಿನಗಳು, ಮೊದಲ ವಾರಗಳು ಆತ್ಮಹತ್ಯೆಯ ದೃಷ್ಟಿಯಿಂದ ತುಂಬಾ ಸೂಕ್ಷ್ಮ. ಆದ್ದರಿಂದ ಮೊದಲ ಭೇಟಿಯನ್ನು ಮುಂದೂಡಬೇಡಿ. ಭೇಟಿಗೆ ಸಿಗುವ ಸಮಯ ಕಡಿಮೆ, ಅದನ್ನು ‘ಯಾಕೋ ಹೀಗೆ ಮಾಡಿದೆ’ ಅಂತ ಅಳುವುದರಲ್ಲಿ ಕಳೆಯಬೇಡಿ.

ಮಾತ್ರೆ ಕೊಡುತ್ತಿದ್ದಾರಾ ಅಂತ ಕೇಳಿದರೆ ‘ಹೂಂ’ ಅಂತಾನೆ. ಅದರ ಬದಲು ಯಾವ ಬಣ್ಣದ್ದು, ಎಷ್ಟು, ಯಾರು ಕೊಡುತ್ತಾರೆ, ನಿನ್ನೆ ರಾತ್ರಿ ಕೊಟ್ಟರಾ ಅಂತ ಕೇಳಿ. ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತದಾ, ಯಾರಾದರೂ ಹೊಡೆಯುತ್ತಾರಾ, ಊಟ ಕಸಿದುಕೊಳ್ಳುತ್ತಾರಾ. ನೀವು ಮಾತಾಡುವಾಗ ಅವನು ಬೇರೆ ಯಾರದೋ ಮಾತಿಗೆ ಕಿವಿಗೊಟ್ಟ ಹಾಗೆ ನಿಂತರೆ, ಊಟದಲ್ಲಿ ವಿಷ ಹಾಕಿದ್ದಾರೆ ಅಂದರೆ, ಸ್ನಾನ ಬಿಟ್ಟಿದ್ದರೆ, ಇದ್ದಕ್ಕಿದ್ದ ಹಾಗೆ ತನ್ನ ವಸ್ತುಗಳನ್ನು ಹಂಚುವ ಮಾತಾಡಿದರೆ, ‘ನಾನಿಲ್ಲದಿದ್ದರೆ ನಿಮಗೆಲ್ಲ ಒಳ್ಳೆಯದು’ ಅಂದರೆ, ಅಲ್ಲಿಂದ ಹೊರಡುವ ಮುಂಚೆಯೇ ಅಧೀಕ್ಷಕರಿಗೆ ಬರವಣಿಗೆಯಲ್ಲಿ ತಿಳಿಸಿ. ‘ಸಾಯಬೇಕು ಅನಿಸುತ್ತಾ?’ ಅಂತ ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಇದೆಲ್ಲದರ ನಡುವೆ ನಿಮ್ಮ ತಲೆಯೂ ಕೆಟ್ಟು ಹೋಗುತ್ತದೆ, ಅಲ್ವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ ಯಾವ ಹೊತ್ತಲ್ಲಾದರೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಂತ 6: ಚಿಕಿತ್ಸೆ ಸಿಗುತ್ತಿಲ್ಲವಾದರೆ

2017ರ ಕಾಯ್ದೆಯ ಸೆಕ್ಷನ್ 103 ಪೂರ್ತಿ ಇದರ ಬಗ್ಗೆಯೇ ಇದೆ. ಜೈಲಿನ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಾರ್ಡ್ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಪಡೆದು ಹೊರಗಿನ ಆಸ್ಪತ್ರೆಗೆ ಕಳಿಸಬೇಕು. ಪ್ರತಿ ಮೂರು ತಿಂಗಳಿಗೊಮ್ಮೆ ‘ನಮ್ಮಲ್ಲಿ ಮಾನಸಿಕ ಕಾಯಿಲೆ ಇರುವ ಬಂದಿಗಳಿಲ್ಲ’ ಅಂತ ಜೈಲಿನ ವೈದ್ಯಾಧಿಕಾರಿ ಮಂಡಳಿಗೆ ಪ್ರಮಾಣೀಕರಿಸಿ ವರದಿ ಕಳಿಸಬೇಕು. ಮಂಡಳಿಯವರು ಜೈಲಿಗೆ ಬಂದು, ಕಾಯಿಲೆ ಇರುವವರನ್ನು ಯಾಕೆ ಇಲ್ಲೇ ಇಟ್ಟುಕೊಂಡಿದ್ದೀರಿ ಅಂತ ಕೇಳಬಹುದು. ನೀವು ಕೊಟ್ಟ ಪತ್ರದ ಮೇಲಿನ ಸೀಲಿಗೆ ಬೆಲೆ ಬರುವುದು ಇಲ್ಲಿಯೇ.

ವಾಸ್ತವದಲ್ಲಿ ಅಡ್ಡ ಬರುವುದು ಬಹಳ ಸಲ ಎಸ್ಕಾರ್ಟ್. ಹೊರಗಿನ ಆಸ್ಪತ್ರೆಗೆ ಕರೆದೊಯ್ಯಲು ಪೊಲೀಸ್ ಕಾವಲು ಬೇಕು. ಚುನಾವಣೆ, ಜಾತ್ರೆ, ಮಂತ್ರಿಗಳ ಪ್ರವಾಸ ಅಂದರೆ ಸಿಬ್ಬಂದಿ ಇರುವುದಿಲ್ಲ, ಓಪಿಡಿ ತಾರೀಕು ತಪ್ಪುತ್ತದೆ. ಹೀಗೆ ತಪ್ಪಿದ ತಾರೀಕುಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಮೊದಲು ಅಧೀಕ್ಷಕರಿಗೆ ಅರ್ಜಿ. ಆಮೇಲೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ. ಆಮೇಲೆ ಕೇಸು ನಡೆಯುವ ಕೋರ್ಟಿಗೆ, ತಾರೀಕುಗಳ ಪಟ್ಟಿ ಸಮೇತ. ವಿಡಿಯೋ ಮೂಲಕ ಮನೋವೈದ್ಯರ ಸಲಹೆ ಕೊಡಿಸಿ ಅಂತಲೂ ಕೇಳಬಹುದು, ಕಾವಲಿನ ಗೋಜೇ ಇರುವುದಿಲ್ಲ.

ಹಂತ 7: ಮೂರು ಪ್ರಶ್ನೆಗಳನ್ನು ಕಲಸಬೇಡಿ

ಇಲ್ಲಿ ವಿದ್ಯಾವಂತರೂ ಎಡವುತ್ತಾರೆ. ‘ಕಾಯಿಲೆ ಇದೆ’ ಅಂದ ಕೂಡಲೇ ಕೇಸು ಬಿದ್ದುಹೋಗುತ್ತದೆ ಅಂತ ತಿಳಿದಿರುತ್ತಾರೆ.

ಒಂದು, ಈಗ ಚಿಕಿತ್ಸೆ ಬೇಕೇ ಅನ್ನುವುದು. ಇದಕ್ಕೂ ಅಪರಾಧ ಮಾಡಿದ್ದಾರಾ ಇಲ್ಲವಾ ಅನ್ನುವುದಕ್ಕೂ ಸಂಬಂಧ ಇಲ್ಲ.

ಎರಡು, ಘಟನೆ ನಡೆದ ಹೊತ್ತಿನಲ್ಲಿ ತಾನು ಮಾಡುತ್ತಿರುವುದು ಏನು, ಅದು ತಪ್ಪು ಅಂತ ತಿಳಿಯುವ ಶಕ್ತಿ ಇತ್ತಾ ಅನ್ನುವುದು. ಹಿಂದಿನ ಐಪಿಸಿ 84, ಈಗಿನ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 22. ಕಾಯಿಲೆ ಇತ್ತು ಅಂದರೆ ಸಾಲದು, ಆ ಹೊತ್ತಿನಲ್ಲಿ ತಿಳಿವಳಿಕೆ ಇರಲಿಲ್ಲ ಅಂತ ತೋರಿಸುವ ಹೊರೆ ಆರೋಪಿಯ ಮೇಲೇ ಇರುತ್ತದೆ. ಘಟನೆಯ ಹಿಂದಿನ, ಮುಂದಿನ ದಿನಗಳ ಚೀಟಿಗಳು, ಅಕ್ಕಪಕ್ಕದವರ ಮಾತು ಇಲ್ಲಿ ಮುಖ್ಯ.

ಮೂರು, ಈಗ ಕೋರ್ಟಿನಲ್ಲಿ ತನ್ನ ಪರವಾಗಿ ವಾದ ಮಾಡಿಸಿಕೊಳ್ಳುವ ಸ್ಥಿತಿಯಲ್ಲಿ ಇದ್ದಾರಾ ಅನ್ನುವುದು. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 367ರಿಂದ 378ರವರೆಗೆ ಹೆಚ್ಚಿನದು ಇದರ ಬಗ್ಗೆಯೇ. ಆ ಸ್ಥಿತಿಯಲ್ಲಿಲ್ಲ ಅಂತ ತೀರ್ಮಾನವಾದರೆ ವಿಚಾರಣೆ ಮುಂದಕ್ಕೆ ಹೋಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಯೋಚಿಸಿ ಹೆಜ್ಜೆ ಇಡಿ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರನ್ನು 1951ರಲ್ಲಿ ಬಂಧಿಸಿ ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದ್ದರು. ವಿಚಾರಣೆಯೇ ಆಗದೆ ಅವರು ಹೊರಗೆ ಬಂದದ್ದು 2005ರಲ್ಲಿ, 54 ವರ್ಷದ ಮೇಲೆ. ಸಣ್ಣ ಕೇಸಿನಲ್ಲಿ ಈ ದಾರಿ ಹಿಡಿದರೆ ಶಿಕ್ಷೆಗಿಂತ ಜಾಸ್ತಿ ದಿನ ಒಳಗೇ ಉಳಿಯುವ ಅಪಾಯ ಇದೆ. ಈ ಅರ್ಜಿ ಹಾಕುವ ದಿನವೇ ಜಾಮೀನಿನ ಅರ್ಜಿಯೂ ಜೊತೆಗಿರಲಿ ಅಂತ ವಕೀಲರಿಗೆ ಹೇಳಿ.

ಹಂತ 8: ಜಾಮೀನು

ಅದೇ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮೂರು ಬಾಗಿಲುಗಳಿವೆ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಅಂತಾದರೆ ಸೆಕ್ಷನ್ 369: ದಾಖಲಾಗಿ ಚಿಕಿತ್ಸೆ ಪಡೆಯುವ ಅಗತ್ಯ ಇಲ್ಲದಿದ್ದರೆ, ನೆಂಟರೋ ಸ್ನೇಹಿತರೋ ನಿಯಮಿತವಾಗಿ ಓಪಿಡಿ ಚಿಕಿತ್ಸೆ ಕೊಡಿಸುತ್ತೇವೆ, ತನಗೂ ಬೇರೆಯವರಿಗೂ ಅಪಾಯ ಆಗದಂತೆ ನೋಡಿಕೊಳ್ಳುತ್ತೇವೆ ಅಂತ ಒಪ್ಪಿದರೆ ಬಿಡುಗಡೆ ಮಾಡಬಹುದು. ವಿಚಾರಣೆ ಎದುರಿಸಬಲ್ಲರು ಅಂತಾದರೂ ಸೆಕ್ಷನ್ 480ರಲ್ಲಿ ಕಾಯಿಲೆಯವರು, ಅಶಕ್ತರು ಅನ್ನುವ ಕಾರಣಕ್ಕೆ ಜಾಮೀನು ಕೇಳಬಹುದು. ಮೂರನೆಯದು ಸೆಕ್ಷನ್ 479. ಗರಿಷ್ಠ ಶಿಕ್ಷೆಯ ಅರ್ಧ ಅವಧಿ, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದು ಭಾಗ ಒಳಗೆ ಕಳೆದವರ ಬಿಡುಗಡೆಗೆ ಜೈಲು ಅಧೀಕ್ಷಕರೇ ಕೋರ್ಟಿಗೆ ಬರೆಯಬೇಕು. ಮರಣದಂಡನೆ, ಜೀವಾವಧಿ ಇರುವ ಕೇಸುಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೆ ಇದು ಅನ್ವಯಿಸುವುದಿಲ್ಲ.

ಅರ್ಜಿಯ ಜೊತೆ ಒಂದು ಚಿಕಿತ್ಸೆಯ ಯೋಜನೆ ಇಡಿ: ಯಾವ ಆಸ್ಪತ್ರೆ, ಯಾವ ವಾರ, ಮಾತ್ರೆ ಯಾರು ಕೊಡುತ್ತಾರೆ, ಎಲ್ಲಿ ಇರುತ್ತಾನೆ. ‘ಪಾಪ, ಕಾಯಿಲೆಯವನು’ ಅನ್ನುವ ಮಾತಿಗಿಂತ ಈ ಅರ್ಧ ಪುಟ ಜಾಸ್ತಿ ಕೆಲಸ ಮಾಡುತ್ತದೆ. ಶ್ಯೂರಿಟಿ ಕೊಡುವವರ ಪಹಣಿ, ಆಧಾರ್ ಮೊದಲೇ ಸಿದ್ಧವಿರಲಿ. ಜಾಮೀನು ಆಗಿಯೂ ಶ್ಯೂರಿಟಿ ಸಿಗದೆ ಏಳು ದಿನದೊಳಗೆ ಹೊರಬರದಿದ್ದರೆ ಜೈಲಿನವರು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನೀವೇ ಹೋಗಿ ನೆನಪಿಸಿದರೆ ಬೇಗ ಆಗುತ್ತದೆ.

ಹಂತ 9: ಹೊರಗೆ ಬಂದ ಮೇಲೆ

ಬಿಡುಗಡೆ ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿ ಆಗುತ್ತದೆ. ಆ ರಾತ್ರಿಯ ಮಾತ್ರೆ ನಿಮ್ಮ ಜೇಬಿನಲ್ಲಿರಲಿ. ಆದರೆ ಹಳೇ ಡೋಸ್ ಕೊಟ್ಟುಬಿಡಬೇಡಿ, ಒಳಗೆ ಏನು ಕೊಡುತ್ತಿದ್ದರು ಅನ್ನುವ ಚೀಟಿಯನ್ನು ಜೈಲಿನ ಆಸ್ಪತ್ರೆಯಿಂದ ಕೇಳಿ ಪಡೆದು ಅದರಂತೆ ಕೊಡಿ. ಆ ವಾರದಲ್ಲೇ ಅವರ ಮಾಮೂಲಿ ಮನೋವೈದ್ಯರಿಗೆ ತೋರಿಸಿ, ಪ್ರತಿ ಸಲವೂ ಓಪಿಡಿ ಪುಸ್ತಕದಲ್ಲಿ ತಾರೀಕು, ಸೀಲು ಬೀಳಲಿ. ಜಾಮೀನಿನ ಷರತ್ತು ಪಾಲಿಸಿದ್ದಕ್ಕೆ ಅದೇ ಸಾಕ್ಷಿ.

ಕೋರ್ಟಿನ ತಾರೀಕುಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾಯಿಲೆ ಮತ್ತೆ ಜೋರಾಗಿ ಆ ದಿನ ಹೋಗಲಾಗದಿದ್ದರೆ ಸುಮ್ಮನಿರಬೇಡಿ, ಗೈರುಹಾಜರಾದರೆ ಜಾಮೀನುರಹಿತ ವಾರಂಟ್ ಹೊರಡುತ್ತದೆ, ಮತ್ತೆ ಅದೇ ಸ್ಟೇಷನ್ನು, ಅದೇ ವ್ಯಾನು. ಆಸ್ಪತ್ರೆಯ ಚೀಟಿಯ ಫೋಟೋವನ್ನು ಕೋರ್ಟು ಶುರುವಾಗುವ ಮುಂಚೆಯೇ ವಕೀಲರಿಗೆ ಕಳಿಸಿ, ಹಾಜರಾತಿಯಿಂದ ವಿನಾಯಿತಿ ಕೇಳುವ ಅರ್ಜಿ ಅದೇ ದಿನ ಹಾಕಿಸಿ, ಸಂಜೆ ಫೋನ್ ಮಾಡಿ ಮುಂದಿನ ತಾರೀಕು ಕೇಳಿಕೊಳ್ಳಿ.